ಚಿತ್ತಿನಿಂದ ಚಿತ್ರಕ್ಕೆ

ಬರೆಯುತ್ತಿರುವಾಗ ಒಂದು ಪದ ತಪ್ಪಾದರೆ ನಾವು ಅದರ ಮೇಲೊಂದು ಗೆರೆ ಎಳೆದು ಮುಂದಕ್ಕೆ ಹೋಗುತ್ತೇವೆ. ಗೆರೆ ಎಳೆದ ಮೇಲೂ ಆ ಪದ ಇಣುಕುತ್ತಿದ್ದರೆ ಇನ್ನೊಂದೆರಡು ಬಾರಿ ಲೇಖನಿಯನ್ನು ಅದರ ಮೇಲೆ ಆಡಿಸುತ್ತೇವೆ. ಹೀಗೆ ಚಿತ್ತುಕಾಟುಗಳಿಂದ ತುಂಬಿದ ಪುಟವನ್ನು ಉಪಾಧ್ಯಾಯರಿಗೆ ತೋರಿಸಲು ನಾಚಿಕೆ; ಹೊಸ ಹಾಳೆಯಲ್ಲಿ ಎಲ್ಲವನ್ನೂ ಮತ್ತೆ ಬರೆದು ಕೊಡುವುದೇ ವಾಡಿಕೆ. ಆದರೆ ತಮ್ಮ ಕವಿತೆಯ ಹಸ್ತಪ್ರತಿಯಲ್ಲಿ ಬಿದ್ದ ಚಿತ್ತುಗಳನ್ನು ಬಚ್ಚಿಡದೆ, ಅವುಗಳಿಗೇ ರೆಕ್ಕೆ, ಕೊಕ್ಕು, ಬಾಲಗಳನ್ನು ಮೂಡಿಸಿ, ಆ ದಾರಿಯಲ್ಲಿಯೇ ನಡೆದು ಚಿತ್ರಕಾರರಾದವರು ಒಬ್ಬರಿದ್ದರು. ಅವರೇ ರವೀಂದ್ರನಾಥ ಠಾಕೂರರು.

ಕವಿ ರವೀಂದ್ರರನ್ನು ಅರಿಯದವರು ವಿರಳ. 1861ರ ಮೇ 7ರಂದು ಕಲ್ಕತ್ತೆಯ ಜೋಡಾಸಾಂಕೊ ಮನೆಯಲ್ಲಿ ಹುಟ್ಟಿ, 1913ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕ ಪಡೆದ ಅವರ ಜೀವನಚರಿತ್ರೆಯನ್ನು ಇಲ್ಲಿ ಹೇಳಬೇಕಾದುದಿಲ್ಲ. ನಾವು ನೋಡಹೊರಟಿರುವುದು ಇನ್ನೊಬ್ಬ ರವೀಂದ್ರರನ್ನು. ಚಿತ್ರಕಲೆಯನ್ನು ಯಾವ ಶಾಲೆಯಲ್ಲಿಯೂ ಕ್ರಮವಾಗಿ ಅಭ್ಯಾಸ ಮಾಡದೆ, ಅರುವತ್ತೇಳನೆಯ ವಯಸ್ಸಿನ ಸುಮಾರಿಗೆ ಬಣ್ಣಗಳನ್ನು ಮುಂದಿಟ್ಟುಕೊಂಡು ಕುಳಿತು, ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಬಿಟ್ಟುಹೋದ ಹವ್ಯಾಸಿ ರವೀಂದ್ರರು ಅವರು.

ಚಿತ್ರಕಲೆ ಅವರ ಮನೆಗೆ ಹೊಸದಾಗಿರಲಿಲ್ಲ. ಬಾಲ್ಯದಲ್ಲಿ ಸಂಜೆ ಶಾಲೆಯಿಂದ ಹಿಂದಿರುಗಿದೊಡನೆ ಚಿತ್ರ ಕಲಿಸುವ ಮೇಷ್ಟರು ಮನೆಗೇ ಬರುತ್ತಿದ್ದರು. ಅಣ್ಣ ಜ್ಯೋತಿರಿಂದ್ರನಾಥರು ಸೀಸದಕಡ್ಡಿಯಲ್ಲಿ ಮುಖಚಿತ್ರಗಳನ್ನು ಬಿಡಿಸುವುದರಲ್ಲಿ ನಿಪುಣರು. ದಾಯಾದಿಗಳ ಮಕ್ಕಳಾದ ಗಗನೇಂದ್ರನಾಥ, ಅಬನೀಂದ್ರನಾಥರಂತೂ ದೇಶಕ್ಕೇ ಹೆಸರಾದ ಕಲಾವಿದರು. ಮೈಸೂರಿನಿಂದ ಹೋದ ನಮ್ಮ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಕಲಿತುದು ಈ ಅಬನೀಂದ್ರನಾಥರ ಬಳಿಯಲ್ಲಿಯೇ. ಇಂಥ ಮನೆಯಲ್ಲಿದ್ದುಕೊಂಡು ರವೀಂದ್ರರಿಗೆ ಚಿತ್ರ ಬರೆಯುವ ಆಸೆ ಹುಟ್ಟದಿರುವುದು ಹೇಗೆ? 1900ರಲ್ಲಿ ಅವರು ತಮ್ಮ ಮಿತ್ರ, ವಿಜ್ಞಾನಿ ಜಗದೀಶಚಂದ್ರ ಬೋಸರಿಗೆ ಒಂದು ಕಾಗದ ಬರೆದರು. ತಾವು ಚಿತ್ರದ ಪುಸ್ತಕವನ್ನಿಟ್ಟುಕೊಂಡು ಕುಳಿತಿರುವುದಾಗಿಯೂ, ಆದರೆ ಸೀಸದಕಡ್ಡಿಗಿಂತ ರಬ್ಬರಿಗೇ ಹೆಚ್ಚು ಕೆಲಸ ಬೀಳುತ್ತಿರುವುದಾಗಿಯೂ ಅದರಲ್ಲಿ ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ಕಂಡುದನ್ನು ಕಂಡಂತೆ ಬರೆಯುವ ಕೈ ತಮಗಿಲ್ಲವೆಂದು ಮನಗಂಡು ಅವರು ಆ ಪ್ರಯತ್ನವನ್ನು ಬಹುಮಟ್ಟಿಗೆ ಕೈಬಿಟ್ಟರು.

ತಾವು ಬಿಟ್ಟರೂ ಕಲೆಯ ಮೇಲಿನ ಕಣ್ಣನ್ನು ಅವರು ತೆಗೆಯಲಿಲ್ಲ. 1916ರಲ್ಲಿ ಜಪಾನಿಗೆ ಹೋದಾಗ ಅಲ್ಲಿಯ ಕಲಾವಿದರ ವಿಶಾಲವಾದ ತೆರೆಚಿತ್ರಗಳನ್ನು ಕಂಡು ಬೆರಗಾದರು. ಕಲ್ಕತ್ತೆಯ ಮನೆಯೊಳಗೇ ಕುಳಿತು ಸಣ್ಣ ಸಣ್ಣ ಚಿತ್ರಗಳನ್ನು ನಾಜೂಕಾಗಿ ಬರೆಯುತ್ತಿದ್ದ ಬಂಧುಗಳಿಗೆ, ಹೊರಗೆ ಬಂದು ಲೋಕವನ್ನು ನೋಡಿರೆಂದು ಕಾಗದ ಬರೆದರು. 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನವನ್ನು ತೆರೆದು, ಮುಂದೆ ಅದರ ಹೊಣೆಯನ್ನು ನಂದಲಾಲ ಬೋಸರಿಗೆ ಒಪ್ಪಿಸಿದರು. ಸುತ್ತಲೂ ಕಲಾವಿದರು, ಕಲಾಶಾಲೆ. ನಡುವೆ ಚಿತ್ರ ಬರೆಯಲು ಬಾರದ ಗುರುದೇವರು!

ಬದಲಾವಣೆ ಬಂದುದು ಕವಿತೆಯ ಕಡೆಯಿಂದ. 1924ರಲ್ಲಿ ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಆಮಂತ್ರಿತರಾಗಿ ಹೊರಟ ರವೀಂದ್ರರು ಹಡಗಿನಲ್ಲಿಯೇ ಕಾಯಿಲೆ ಬಿದ್ದರು. ನವೆಂಬರಿನಲ್ಲಿ ಅರ್ಜೆಂಟೀನದ ಬ್ಯೂನಸ್ ಐರಿಸ್ ನಗರವನ್ನು ತಲುಪಿದಾಗ ವೈದ್ಯರು ಮುಂದಿನ ಪ್ರಯಾಣ ಕೂಡದೆಂದರು. ಅಲ್ಲಿಯ ಲೇಖಕಿ ವಿಕ್ಟೋರಿಯಾ ಒಕಾಂಪೊ ಎಂಬಾಕೆ ಅವರನ್ನು ನಗರದ ಸಮೀಪದ ಸಾನ್ ಇಸಿದ್ರೊ ಎಂಬಲ್ಲಿ, ಪ್ಲಾಟಾ ನದಿಗೆ ಎದುರಾಗಿದ್ದ ಮನೆಯೊಂದರಲ್ಲಿ ಇರಿಸಿಕೊಂಡು ಉಪಚರಿಸಿದಳು. ಅಲ್ಲಿ ಸುಮಾರು ಎರಡು ತಿಂಗಳ ವಿಶ್ರಾಂತಿ. ಆಗ ಬರೆದ ಕವಿತೆಗಳು ಮರುವರ್ಷ ‘ಪೂರಬಿ’ ಎಂಬ ಸಂಕಲನದಲ್ಲಿ ಸೇರಿದವು. ಆ ಹಸ್ತಪ್ರತಿಯ ಪುಟಗಳನ್ನು ನೋಡಿದ ವಿಕ್ಟೋರಿಯಾ ಚಕಿತಳಾದಳು. ಭಾಷೆ ಆಕೆಗೆ ತಿಳಿಯದು. ಆದರೆ ಸಾಲುಗಳ ನಡುವಿನಿಂದ ತಲೆಯೆತ್ತಿದ್ದ ಹಕ್ಕಿಗಳನ್ನೂ ಹಾವುಗಳನ್ನೂ ಹೆಸರಿಲ್ಲದ ಮೃಗಗಳನ್ನೂ ನೋಡಲು ಭಾಷೆ ಬೇಕಿರಲಿಲ್ಲ.

ಈ ಪ್ರಾಣಿಗಳು ಹುಟ್ಟಿದ ಬಗೆ ಸ್ವಾರಸ್ಯಕರವಾದುದು. ಕವಿಗಳು ಬರೆದು ಮುಗಿಸಿದುದಕ್ಕಿಂತ ಹೊಡೆದುಹಾಕಿದುದೇ ಹೆಚ್ಚೆಂದರೆ ತಪ್ಪಾಗಲಾರದು. ರವೀಂದ್ರರ ಪುಟದಲ್ಲಿ ಇಲ್ಲೊಂದು ಪದ, ಅಲ್ಲೊಂದು ಸಾಲು, ಕೆಳಗೆ ಇಡೀ ಪದ್ಯವೇ ಚಿತ್ತಾಗುತ್ತಿತ್ತು. ಹೀಗೆ ಚೆದರಿದ ಕಪ್ಪು ಮಚ್ಚೆಗಳು ಅವರ ಕಣ್ಣಿಗೆ ಒಗ್ಗುತ್ತಿರಲಿಲ್ಲ. ಛಂದಸ್ಸಿಗೆ ಪಳಗಿದ ಮನಸ್ಸು ಅದು. ಪದಗಳಲ್ಲಿ ಲಯ ತಪ್ಪಿದರೆ ಸಹಿಸದಂತೆ ಗೆರೆಗಳಲ್ಲಿ ತಪ್ಪಿದರೂ ಸಹಿಸದು. ಆದುದರಿಂದ ಒಂದು ಮಚ್ಚೆಯಿಂದ ಇನ್ನೊಂದಕ್ಕೆ ಗೆರೆಯೊಂದನ್ನು ಹರಿಯಿಸಿ ಎರಡನ್ನೂ ಕೂಡಿಸುತ್ತಿದ್ದರು. ನಡುವೆ ಉಳಿದ ಬಿಳಿಯ ಜಾಗ ಕಣ್ಣಾಯಿತು. ಹೊರಕ್ಕೆ ಚಾಚಿದ ತುದಿ ಕೊಕ್ಕಾಯಿತು. ಬೇಡವೆಂದು ತಳ್ಳಿದ ಪದಗಳಿಗೆ ಈ ರೀತಿ ಒಂದು ಸದ್ಗತಿ ದೊರೆಯಿತು. ಮೊದಲೇ ಯೋಚಿಸಿ ಬರೆದ ಹಕ್ಕಿಯಲ್ಲ ಅದು. ಗೆರೆ ಎಲ್ಲಿಗೆ ಹೋಗುವುದೋ ಅಲ್ಲಿಗೆ ಕೈ ಹೋಗಿ, ಕೊನೆಗೆ ನೋಡಿದರೆ ಹಕ್ಕಿ! ಕಂಡುದನ್ನು ಬರೆಯಲಾಗದೆ 1900ರಲ್ಲಿ ಸೋತ ಕೈ ಈಗ ಬರೆದುದರಲ್ಲಿ ಕಾಣುವುದನ್ನು ಕಲಿಯಿತು. ನನ್ನ ದೃಷ್ಟಿಯಲ್ಲಿ ರವೀಂದ್ರರ ಚಿತ್ರಕಲೆಯ ಗುಟ್ಟೆಲ್ಲ ಈ ಒಂದು ತಿರುವಿನಲ್ಲಿದೆ.

ಸುಮಾರು 1928ರಿಂದ ಅವರ ಚಿತ್ರಗಳು ಹಸ್ತಪ್ರತಿಯನ್ನು ಬಿಟ್ಟು ಬಿಡಿ ಹಾಳೆಗಳಿಗೆ ಬಂದವು. ಚಿತ್ತಿನ ಆಸರೆ ಇನ್ನಿಲ್ಲ. ಎದುರಿಗಿರುವುದು ಬರಿಯ ಬಿಳಿ ಕಾಗದ. ಆಗ ಅವರು ಕೈಗೆ ಸಿಕ್ಕಿದ ಸಾಮಗ್ರಿಗಳನ್ನೆಲ್ಲ ಪ್ರಯೋಗಿಸತೊಡಗಿದರು. ಮೊದಲು ಬಂದುದು ಬರವಣಿಗೆಯ ಲೇಖನಿಯೇ. ಅನಂತರ ಬಣ್ಣದ ಶಾಯಿಗಳು; ಇವುಗಳಲ್ಲಿ ಜರ್ಮನಿಯ ಪೆಲಿಕನ್ ಶಾಯಿ ಅವರಿಗೆ ಮೆಚ್ಚು. ಕುಂಚವಿದ್ದರೂ ಅದೊಂದನ್ನೇ ನೆಚ್ಚಿ ಕೂರಲಿಲ್ಲ. ಬಟ್ಟೆಯ ಚೂರನ್ನು ಶಾಯಿಯಲ್ಲಿ ಅದ್ದಿ ಒರಸುವರು, ಬೆರಳಿನಿಂದ ತೀಡುವರು, ಲೇಖನಿಯ ಹಿಂತುದಿಯಿಂದ ಗೀರುವರು. ಮೇಣದ ಬಣ್ಣದ ಕಡ್ಡಿಗಳು, ಸೀಮೆಸುಣ್ಣದಂತೆ ಮೆತ್ತಗಿರುವ ಪೇಸ್ಟಲ್, ಕಾಗದವನ್ನು ಮುಚ್ಚುವಂತೆ ಮಂದವಾಗಿ ಹಚ್ಚುವ ಜಲವರ್ಣ, ಇವೆಲ್ಲವೂ ಅವರ ಮೇಜಿನ ಮೇಲೆ ಬಂದವು. ಒಂದೇ ಚಿತ್ರದಲ್ಲಿ ಎರಡು ಮೂರು ಬಗೆಯವು ಬೆರೆತುದೂ ಉಂಟು. ಹೂವಿನ ಎಸಳುಗಳನ್ನು ಕಾಗದದ ಮೇಲೆ ಉಜ್ಜಿ ಬಣ್ಣ ಪಡೆಯುತ್ತಿದ್ದರೆಂದು ಸಮೀಪದಲ್ಲಿದ್ದವರು ನೆನೆದಿದ್ದಾರೆ. ತೈಲವರ್ಣವನ್ನು ಮಾತ್ರ ಬಹುಮಟ್ಟಿಗೆ ದೂರವಿಟ್ಟರು. ಎಣ್ಣೆಯ ಬಣ್ಣ ಒಣಗಲು ದಿನಗಳು ಬೇಕು. ರವೀಂದ್ರರಿಗಾದರೋ ಒಂದೇ ಕೂರಿಕೆಯಲ್ಲಿ ಚಿತ್ರ ಮುಗಿಯಬೇಕು. ಸುಮಾರು ಹನ್ನೆರಡು ವರ್ಷಗಳಲ್ಲಿ ಎರಡು ಸಾವಿರ ಚಿತ್ರಗಳೆಂದರೆ, ಸರಾಸರಿಯಲ್ಲಿ ಎರಡು ಮೂರು ದಿನಗಳಿಗೆ ಒಂದರಂತೆ ಆಯಿತು. ಇದರ ನಡುವೆ ಕವಿತೆ, ನಾಟಕ, ವಿದೇಶ ಪ್ರವಾಸ, ಶಾಂತಿನಿಕೇತನದ ಹಣದ ಚಿಂತೆ ಇವಾವುವೂ ನಿಂತಿರಲಿಲ್ಲ.

ಬಣ್ಣದ ಶಾಯಿಯ ಗುಣವೇನೆಂಬುದನ್ನು ಸ್ವಲ್ಪ ತಿಳಿಯಬೇಕು. ಅದು ಪಾರದರ್ಶಕ. ಹಳದಿಯ ಮೇಲೆ ಕಂದು, ಕಂದಿನ ಮೇಲೆ ಕಪ್ಪು ಹಚ್ಚಿದರೆ ಕೆಳಗಿನ ಬಣ್ಣ ಮೇಲಿನದರ ಮೂಲಕ ಹೊಳೆಯುತ್ತದೆ. ಆದರೆ ಒಮ್ಮೆ ಕಪ್ಪಾದುದನ್ನು ಮತ್ತೆ ಬೆಳಗಿಸುವಂತಿಲ್ಲ. ರಬ್ಬರಿಗೆ ಅಲ್ಲಿ ಕೆಲಸವಿಲ್ಲ. ಬೆಳಕು ಬೇಕಾದ ಕಡೆ ಕಾಗದದ ಬಿಳುಪನ್ನು ಮೊದಲಿನಿಂದಲೇ ಕಾಪಾಡಿಕೊಂಡು ಬರಬೇಕು. ರವೀಂದ್ರರು ಲೇಖನಿಯಿಂದ ಸಣ್ಣ ಸಣ್ಣ ಗೀರುಗಳನ್ನು ಒತ್ತೊತ್ತಾಗಿ, ಪದರ ಪದರವಾಗಿ ಹಾಕಿ ಕತ್ತಲೆಯನ್ನು ಕಟ್ಟುತ್ತಿದ್ದರು. ಗೀರುಗಳ ನಡುವೆ ಉಳಿದ ಕಿರಿಯ ಸಂದುಗಳಿಂದ ಬೆಳಕು ಒಸರುತ್ತಿತ್ತು. ಅವರ ಕೆಲವು ಭೂದೃಶ್ಯಗಳಲ್ಲಿ ಮರಗಳೆಲ್ಲ ಕಪ್ಪು ಮುದ್ದೆಯಾಗಿ ನಿಂತು, ಹಿಂದಿನ ಆಕಾಶ ಮಾತ್ರ ಚಿನ್ನದಂತೆ ಉರಿಯುವುದು ಇದರಿಂದಲೇ. 1883ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದಾಗ ಅಲ್ಲಿಯ ಕಡಲ ತೀರ ಅವರನ್ನು ಸೆರೆಹಿಡಿದಿತ್ತು. ಆಗ ಆ ಅನುಭವಕ್ಕೆ ಅವರಲ್ಲಿದ್ದುದು ಮಾತೊಂದೇ. ಅಂಥ ಸಂಜೆಗಳಿಗೆ ಬಣ್ಣ ದೊರೆಯಲು ನಲವತ್ತೈದು ವರ್ಷಗಳು ಕಾಯಬೇಕಾಯಿತು.

ವಿಷಯಗಳನ್ನು ಕುರಿತೂ ಅವರಿಗೆ ಕಟ್ಟುಪಾಡಿರಲಿಲ್ಲ. ಪುರಾಣದ ಪ್ರಸಂಗಗಳನ್ನಾಗಲಿ ರಾಜರಾಣಿಯರನ್ನಾಗಲಿ ಅವರು ಆರಿಸಿಕೊಳ್ಳಲಿಲ್ಲ. ಯಾವ ಕಾಡಿನಲ್ಲಿಯೂ ಇಲ್ಲದ ಮೃಗಗಳು, ಮುಖವಾಡದಂಥ ಮುಖಗಳು, ಹೂಗಳು, ನಾಟಕದ ಪಾತ್ರಗಳಂತೆ ಕೈ ಚಾಚಿ ನಿಂತ ಜನರು, ತಮ್ಮದೇ ಗಡ್ಡದ ಮುಖ. ಎಲ್ಲಕ್ಕಿಂತ ಹೆಚ್ಚಾಗಿ ಮತ್ತೆ ಮತ್ತೆ ಬರುವುದು ಸೆರಗು ಹೊದ್ದ ಹೆಣ್ಣಿನ ಮುಖ. ಕೋಳಿಮೊಟ್ಟೆಯಂತೆ ನೀಳವಾದ ಆ ಮುಖದಲ್ಲಿ ನೋಡುವವರನ್ನು ತಡೆದು ನಿಲ್ಲಿಸುವ ಕಣ್ಣುಗಳು. ಅಳುವೋ ಮೌನವೋ ಹೇಳಬರುವುದಿಲ್ಲ. ಚಿತ್ರಗಳಿಗೆ ಹೆಸರಿಡಿರೆಂದು ಕೇಳಿದವರಿಗೆ ರವೀಂದ್ರರು ಒಪ್ಪಲಿಲ್ಲ. ಜೀವಮಾನವೆಲ್ಲ ಪದಗಳೊಡನೆ ಬಾಳಿದವರು ಚಿತ್ರದ ಕೆಳಗೆ ಒಂದು ಪದ ಬರೆಯಲು ಹಿಂಜರಿದುದು ಬೆಡಗಿನ ಮಾತಲ್ಲ. ಪದವೊಂದು ಸಿಕ್ಕೊಡನೆ ನಾವು ನೋಡುವುದನ್ನು ಬಿಟ್ಟು ಓದಲು ತೊಡಗುತ್ತೇವೆಂಬುದು ಅವರಿಗೆ ತಿಳಿದಿತ್ತು.

ಇಷ್ಟೊಂದು ಬಣ್ಣಗಳೊಡನೆ ಆಡಿದ ರವೀಂದ್ರರ ಕಣ್ಣಿಗೆ ಎಲ್ಲ ಬಣ್ಣಗಳೂ ಒಂದೇ ಸಮನಾಗಿ ಕಾಣುತ್ತಿರಲಿಲ್ಲವೆಂಬುದು ಬಹಳ ಜನರಿಗೆ ತಿಳಿಯದು. ಕೆಂಪು ಬಣ್ಣ ತಮ್ಮ ಕಣ್ಣನ್ನು ಅಷ್ಟಾಗಿ ಸೆಳೆಯುವುದಿಲ್ಲವೆಂದೂ, ಹುಲ್ಲಿನ ನಡುವಣ ಪುಟ್ಟ ನೀಲಿ ಹೂವಾದರೂ ಕೂಡಲೇ ಕಾಣುವುದೆಂದೂ ಅವರು ಆಪ್ತರೊಡನೆ ಹೇಳಿಕೊಂಡಿದ್ದರು. ನಮ್ಮ ಕಣ್ಣಿನ ಒಳಪರದೆಯಲ್ಲಿ ಬಣ್ಣವನ್ನು ಗುರುತಿಸುವ ಮೂರು ಬಗೆಯ ಕೋಶಗಳಿವೆ. ಅವುಗಳಲ್ಲಿ ಒಂದು ಬಗೆ ಕುಂದಿದರೆ ಕೆಂಪು ಹಸಿರುಗಳ ಭೇದ ಮಸುಕಾಗುತ್ತದೆ. ಕೆಂಪು ಕೆಲವರಿಗೆ ಕಪ್ಪಿಗೆ ಹತ್ತಿರವಾಗಿ ಕಾಣುತ್ತದೆ. ಇದು ಹೆಚ್ಚಾಗಿ ಗಂಡಸರಲ್ಲಿ ಹುಟ್ಟಿನಿಂದ ಬರುವ ನ್ಯೂನತೆ. 1987ರಲ್ಲಿ ಪಿಕ್‌ಫರ್ಡ್ ಮತ್ತು ಬೋಸ್ ಎಂಬ ಇಬ್ಬರು ವಿದ್ವಾಂಸರು ರವೀಂದ್ರರ ಚಿತ್ರಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಿ ಲೇಖನ ಪ್ರಕಟಿಸಿದರು. ಅವರ ಚಿತ್ರಗಳಲ್ಲಿ ಕಂದು, ಹಳದಿ, ಕಪ್ಪು, ಕಡುನೀಲಿಗಳು ಮೇಲುಗೈಯಾಗಿರುವುದಕ್ಕೂ, ಅಲ್ಲಲ್ಲಿ ಕೆಂಪು ನಾವು ನಿರೀಕ್ಷಿಸದ ಎಡೆಯಲ್ಲಿ ಬಂದು ನಿಲ್ಲುವುದಕ್ಕೂ ಇದು ಒಂದು ಕಾರಣವಾಗಿರಬಹುದು. ಆದರೆ ಎಲ್ಲವನ್ನೂ ಕಣ್ಣಿನ ದೋಷಕ್ಕೇ ಕಟ್ಟಿಬಿಡುವುದು ಸರಿಯಲ್ಲ. ದೋಷವಿರುವ ಕಣ್ಣು ಲೋಕದಲ್ಲಿ ಎಷ್ಟೋ ಜನರಿಗಿದೆ. ಆ ಚಿನ್ನದ ಆಕಾಶವನ್ನು ಬರೆದವರು ಒಬ್ಬರೇ.

ಚಿತ್ರಗಳು ರಾಶಿಬಿದ್ದವು. ಅವನ್ನು ಜನರ ಮುಂದೆ ಇಡುವುದು ಹೇಗೆ? ರವೀಂದ್ರರಿಗೆ ಅಳುಕಿತ್ತು. ನೊಬೆಲ್ ಪಾರಿತೋಷಕ ಪಡೆದ ಕವಿ ಮುಪ್ಪಿನಲ್ಲಿ ಮಕ್ಕಳಂತೆ ಗೀಚುತ್ತಿದ್ದಾನೆಂದು ನಕ್ಕರೆ? ಮನೆಯಲ್ಲಿಯೇ ಇಬ್ಬರು ಮಹಾಕಲಾವಿದರು, ಆಶ್ರಮದಲ್ಲಿ ನಂದಲಾಲರು. ಬಂಗಾಳದ ಜನಕ್ಕೆ ಒಗ್ಗಿದುದು ತೆಳುವಾದ ಜಲವರ್ಣದ ಮೃದುವಾದ ಚಿತ್ರಗಳು. ಇವರದೋ ಒರಟು, ಕತ್ತಲೆ, ವಿಕಾರ. ಕವಿತೆಯಲ್ಲಿ ಅವರನ್ನು ಕಾಪಾಡುತ್ತಿದ್ದ ದೀರ್ಘಕಾಲದ ಕೀರ್ತಿ ಇಲ್ಲಿ ಕಾಪಾಡುವಂತಿರಲಿಲ್ಲ. ಬದಲಾಗಿ ಅದೇ ಅಪಾಯ. ಆದುದರಿಂದ ಅವರು ತಮ್ಮ ಚಿತ್ರಗಳನ್ನು ಮೊದಲು ತಾಯ್ನಾಡಿನಲ್ಲಿ ಪ್ರದರ್ಶಿಸಲಿಲ್ಲ. 1930ರಲ್ಲಿ ಯೂರೋಪಿಗೆ ಹೊರಟಾಗ ಕಟ್ಟು ಕಟ್ಟಾಗಿ ಜೊತೆಗೆ ಒಯ್ದರು. ಪ್ಯಾರಿಸ್ಸಿನಲ್ಲಿ ಚಿತ್ರಶಾಲೆ ದೊರೆಯಬೇಕಾದರೆ ವರ್ಷದ ಮೊದಲೇ ಗೊತ್ತುಮಾಡಬೇಕೆಂದು ತಿಳಿದವರು ಹೇಳಿದರು. ಆಗ ನೆರವಿಗೆ ಬಂದವಳು ಅದೇ ವಿಕ್ಟೋರಿಯಾ ಒಕಾಂಪೊ. ಆಕೆಯ ಓಡಾಟದಿಂದ ಕೆಲವೇ ದಿನಗಳಲ್ಲಿ ಎಲ್ಲ ಸಿದ್ಧವಾಗಿ, ಆ ವರ್ಷದ ಮೇ ತಿಂಗಳಿನಲ್ಲಿ ಪಿಗಾಲ್ ಚಿತ್ರಶಾಲೆಯಲ್ಲಿ ಪ್ರದರ್ಶನ ತೆರೆಯಿತು. ರವೀಂದ್ರರಿಗೆ ಆಗ ಅರುವತ್ತೊಂಬತ್ತು ತುಂಬುವುದರಲ್ಲಿತ್ತು.

ಅಲ್ಲಿಂದ ಮುಂದೆ ಅದೇ ವರ್ಷ ಇಂಗ್ಲೆಂಡ್, ಜರ್ಮನಿ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್, ರಷ್ಯ, ಅಮೆರಿಕಗಳಲ್ಲಿ ಚಿತ್ರಗಳು ಪ್ರದರ್ಶಿತವಾದವು. ಕವಿತೆಯಾದರೆ ಭಾಷಾಂತರದಲ್ಲಿ ಸೊರಗುತ್ತದೆ. ಚಿತ್ರಕ್ಕೆ ಭಾಷಾಂತರಕಾರ ಬೇಕಿಲ್ಲ. ಜರ್ಮನರು ತಮ್ಮ ಆಗಿನ ಹೊಸ ಕಲೆಗೂ ಇದಕ್ಕೂ ಇರುವ ನಂಟನ್ನು ಗುರುತಿಸಿದರು. ಬರ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿ ಅವರ ಐದು ಚಿತ್ರಗಳು ಸೇರಿದವು. ಆದರೆ 1937ರಲ್ಲಿ ನಾಟ್ಸಿ ಸರ್ಕಾರ ತನಗೆ ಒಪ್ಪಿಗೆಯಾಗದ ಕಲೆಯನ್ನೆಲ್ಲ ‘ಅಧಃಪತಿತ’ ಎಂದು ಹೀಗಳೆದು ಚಿತ್ರಶಾಲೆಗಳಿಂದ ಹೊರಹಾಕಿತಷ್ಟೆ. ಆ ಪಟ್ಟಿಯಲ್ಲಿ ಶಾಂತಿನಿಕೇತನದ ಮುದುಕರ ಐದು ಚಿತ್ರಗಳೂ ಇದ್ದವು. ಅದೇ 1937ರಲ್ಲಿ ಇಲ್ಲಿ ಅವರು ತಮ್ಮದೇ ಚಿತ್ರಗಳನ್ನು ಕೂಡಿಸಿ ‘ಖಾಪ್‌ಛಾಡಾ’, ‘ಸೇ’ ಎಂಬ ಎರಡು ಪುಸ್ತಕಗಳನ್ನು ಹೊರತಂದರು. ಎರಡರಲ್ಲಿಯೂ ಮಕ್ಕಳು ನಕ್ಕು ನಲಿಯುವಂಥ ಅಸಂಬದ್ಧದ ವಿನೋದ ತುಂಬಿದೆ.

ಸ್ವದೇಶದಲ್ಲಿ ಮೆಚ್ಚುಗೆ ನಿಧಾನವಾಗಿ ಬಂದಿತು. ಕಲ್ಕತ್ತೆಯಲ್ಲಿ 1931ರಲ್ಲಿ ಅವರ ಎಪ್ಪತ್ತರ ಉತ್ಸವದ ಸಂದರ್ಭದಲ್ಲಿಯೂ, 1932ರಲ್ಲಿ ಸರ್ಕಾರಿ ಕಲಾಶಾಲೆಯಲ್ಲಿಯೂ ಚಿತ್ರಗಳನ್ನಿಟ್ಟಾಗ ನೋಡಿದವರಲ್ಲಿ ಹಲವರು ಏನು ಹೇಳಬೇಕೋ ತೋರದೆ ಸುಮ್ಮನಾದರು. ಗುರುದೇವರ ಮೇಲಣ ಗೌರವದಿಂದ ಹೊಗಳಿದವರೂ ಇದ್ದರು. ಅಂಥ ಹೊಗಳಿಕೆ ಅವರಿಗೆ ಬೇಕಿರಲಿಲ್ಲ. ಅಬನೀಂದ್ರನಾಥರು ಮಾತ್ರ ತಮ್ಮ ರವಿಕಾಕನ ಚಿತ್ರಗಳನ್ನು ಜ್ವಾಲಾಮುಖಿಗೆ ಹೋಲಿಸಿದರು. ಬಹುಕಾಲ ಒಳಗೇ ಕುದಿದುದು ಒಮ್ಮೆಗೇ ಹೊರಬಿದ್ದಿತೆಂದು ಅದರ ಅರ್ಥ.

ಹವ್ಯಾಸವೆಂದರೆ ಬಿಡುವಿನ ವೇಳೆಯನ್ನು ಕಳೆಯುವ ಉಪಾಯವೆಂದು ಹೇಳುವುದುಂಟು. ರವೀಂದ್ರರ ವಿಷಯದಲ್ಲಿ ಆ ಮಾತು ಹೊಂದುವುದಿಲ್ಲ. ಅವರಿಗೆ ಬಿಡುವೇ ಇರಲಿಲ್ಲ. ಚಿತ್ರವನ್ನು ಅವರು ಇಳಿವಯಸ್ಸಿನಲ್ಲಿ ಹತ್ತಿದ ಮೋಹವೆಂಬಂತೆ ಕರೆದುಕೊಂಡರು. ಕವಿತೆಯಲ್ಲಿ ಅವರು ಗುರು; ಸಾವಿರಾರು ಜನ ಅವರ ಮಾತಿಗೆ ಕಾದಿದ್ದರು. ಚಿತ್ರದ ಮುಂದೆ ಅವರು ಏನೂ ತಿಳಿಯದ ಹೊಸಬ. ಆ ಹೊಸತನವೇ ಅವರಿಗೆ ರುಚಿಸಿರಬೇಕು.

1940ರ ಸೆಪ್ಟೆಂಬರಿನಲ್ಲಿ ಕಾಲಿಂಪಾಂಗಿನಲ್ಲಿ ಅವರು ತೀವ್ರವಾಗಿ ಅಸ್ವಸ್ಥರಾದರು. ಅನಂತರ ಕವಿತೆಗಳನ್ನು ಬಾಯಲ್ಲಿ ಹೇಳಿ ಬರೆಯಿಸಿದರು. ಚಿತ್ರವನ್ನು ಹಾಗೆ ಹೇಳಿ ಬರೆಯಿಸುವಂತಿರಲಿಲ್ಲ. 1941ರ ಆಗಸ್ಟ್ 7ರಂದು, ಹುಟ್ಟಿದ ಮನೆಯಲ್ಲಿಯೇ ಕಣ್ಣು ಮುಚ್ಚಿದರು. 1976ರಲ್ಲಿ ಭಾರತ ಸರ್ಕಾರ ಅವರ ಚಿತ್ರಗಳನ್ನು ದೇಶದ ಕಲಾನಿಧಿಗಳೆಂದು ಸಾರಿತು. ಅವುಗಳನ್ನು ಮಾರಾಟಕ್ಕಾಗಿ ಹೊರದೇಶಕ್ಕೆ ಒಯ್ಯುವಂತಿಲ್ಲ. ಹೆಚ್ಚಿನ ಚಿತ್ರಗಳು ಶಾಂತಿನಿಕೇತನದ ರವೀಂದ್ರ ಭವನದಲ್ಲಿಯೂ, ಕೆಲವು ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಶಾಲೆಯಲ್ಲಿಯೂ ಇವೆ. ಬಣ್ಣದ ಶಾಯಿ ಬಿಸಿಲಿಗೆ ಬೇಗ ಮಾಸುವುದರಿಂದ ಅವನ್ನು ಮಂದವಾದ ಬೆಳಕಿನಲ್ಲಿ ಜೋಪಾನ ಮಾಡಬೇಕಾಗುತ್ತದೆ.

‘ಪೂರಬಿ’ಯ ಹಸ್ತಪ್ರತಿಯ ಪುಟಗಳು ಅಚ್ಚಿನ ಪುಸ್ತಕಗಳಲ್ಲಿಯೂ ಪಡಿಮೂಡಿವೆ. ದೊರೆತಾಗ ಒಂದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿರಿ. ಉಳಿಸಿಕೊಂಡ ಸಾಲುಗಳು ಅಚ್ಚುಕಟ್ಟಾಗಿ ನಿಂತಿವೆ. ಅವುಗಳ ನಡುವೆ ಕತ್ತು ಕೊಂಕಿಸಿ ಒಂದು ಹಕ್ಕಿ ಕುಳಿತಿದೆ. ಅದರ ಕರಿಯ ಮೈಯ ಅಡಿಯಲ್ಲಿ ಕವಿ ಬೇಡವೆಂದ ಪದವೊಂದಿದೆ. ಅದರ ತುದಿಯೊಂದು ರೆಕ್ಕೆಯ ಅಂಚಿನಲ್ಲಿ ಇಣುಕುತ್ತದೆ, ಪೂರ್ತಿಯಾಗಿ ಓದಲು ಬಾರದು.